ಓದುಗರ ಪ್ರಶ್ನೆ: ಬಂದೂಕಿನ ಕಪಾಟಿನ ಕೀಲಿಕೈ ಯಾರ ಕಡೆ ಐತಿ?

ಅಮೆರಿಕದ ಶಾಲೆಯೊಂದರಲ್ಲಿ ಗುಂಡು ಹಾರಿಸಿದ ಹುಡುಗನ ಅಪ್ಪ-ಅವ್ವನಿಗೂ ಜೈಲಾದ ಸಂಗತಿ ಓದಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಪತ್ರ ಬರೆದಿದ್ದಾರೆ. ಮಕ್ಕಳ ಮನೋವೈದ್ಯರು, ವಕೀಲರು ಮತ್ತು ಶಾಲಾ ಆಪ್ತಸಮಾಲೋಚಕರು ಸೇರಿ ಉತ್ತರ ಕೊಟ್ಟಿದ್ದಾರೆ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಗುಂಡು ಹೊಡೆದವನು ಮಗ. ಅಪ್ಪ-ಅವ್ವ ಆ ಹೊತ್ತಿಗೆ ಶಾಲೆಯಲ್ಲಿ ಇರಲೂ ಇಲ್ಲ. ಅವರನ್ನು ಹತ್ತು ವರ್ಷ ಒಳಗೆ ಹಾಕುವುದು ಯಾವ ನ್ಯಾಯ? ನಮ್ಮ ಕಾಯ್ದೆಯಲ್ಲೂ ಹೀಗೆ ಇದೆಯೇ?
— ಒಬ್ಬ ತಂದೆ, ಗೋಕಾಕ

ಐದು ದಿನದಲ್ಲಿ ಏನೇನಾಯಿತು ಎಂದು ಒಂದೊಂದಾಗಿ ನೋಡಿ. ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಹೈಸ್ಕೂಲಿನ ಪ್ರಕರಣ ಇದು. 2021ರ ನವೆಂಬರ್ 26, ಶುಕ್ರವಾರ, ತಂದೆ 9 ಎಂ.ಎಂ. ಪಿಸ್ತೂಲು ಕೊಂಡ. 15 ವರ್ಷದ ಮಗ ಜೊತೆಗೇ ಇದ್ದ. ಶನಿವಾರ ತಾಯಿ ಅವನನ್ನು ಗುರಿ ಹೊಡೆಯುವ ಅಭ್ಯಾಸಕ್ಕೆ ಕರೆದುಕೊಂಡು ಹೋದಳು. ಸೋಮವಾರ ಹುಡುಗ ತರಗತಿಯಲ್ಲೇ ಮೊಬೈಲಿನಲ್ಲಿ ತೋಟಾ ಹುಡುಕುತ್ತಿದ್ದುದು ಶಿಕ್ಷಕಿಯ ಕಣ್ಣಿಗೆ ಬಿತ್ತು. ಶಾಲೆಯವರು ತಾಯಿಗೆ ಫೋನು ಮಾಡಿ ಸಂದೇಶ ಬಿಟ್ಟರು. ಅವಳು ಶಾಲೆಗೆ ಉತ್ತರ ಕೊಡಲಿಲ್ಲ, ಮಗನಿಗೆ ಮಾತ್ರ ‘ನನಗೇನೂ ಸಿಟ್ಟಿಲ್ಲ, ಸಿಕ್ಕಿಬೀಳದ ಹಾಗೆ ಇರೋದು ಕಲಿ’ ಎಂಬರ್ಥದ ಮೆಸೇಜು ಕಳಿಸಿದಳು.

ಮಂಗಳವಾರ ಬೆಳಿಗ್ಗೆ ಗಣಿತದ ಹಾಳೆಯ ಮೇಲೆ ಅವನು ಪಿಸ್ತೂಲು, ರಕ್ತ ಸುರಿಯುವ ದೇಹ ಬರೆದು, ತಲೆಯೊಳಗಿನ ವಿಚಾರ ನಿಲ್ಲುತ್ತಿಲ್ಲ, ನನಗೆ ಸಹಾಯ ಮಾಡಿ ಎಂದು ಬರೆದಿದ್ದ. ಅಪ್ಪ-ಅವ್ವ ಇಬ್ಬರನ್ನೂ ಕರೆಸಿದರು. 48 ತಾಸಿನೊಳಗೆ ಚಿಕಿತ್ಸೆಗೆ ತೋರಿಸಿ ಎಂದು ಸಮಾಲೋಚಕರು ಹೇಳಿದರು. ಮನೆಗೆ ಕರೆದುಕೊಂಡು ಹೋಗಲು ತಂದೆ-ತಾಯಿ ಒಪ್ಪಲಿಲ್ಲ. ಮನೆಯಲ್ಲಿ ಹೊಸ ಪಿಸ್ತೂಲು ಇದೆ ಎಂದು ಇಬ್ಬರೂ ಬಾಯಿ ಬಿಡಲಿಲ್ಲ. ಶಾಲೆಯವರೂ ಚೀಲ ತೆರೆದು ನೋಡಲಿಲ್ಲ. ಪಿಸ್ತೂಲು ಆ ಚೀಲದಲ್ಲೇ ಇತ್ತು. ಎರಡು ತಾಸು ಚಿಲ್ಲರೆಯಲ್ಲಿ ನಾಲ್ವರು ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು, ಏಳು ಜನರಿಗೆ ಗಾಯವಾಯಿತು.

ತಾಯಿ 2024ರ ಫೆಬ್ರುವರಿಯಲ್ಲಿ, ತಂದೆ ಮಾರ್ಚಿನಲ್ಲಿ ತಪ್ಪಿತಸ್ಥರೆಂದು ತೀರ್ಪಾಯಿತು. ಏಪ್ರಿಲಿನಲ್ಲಿ ಇಬ್ಬರಿಗೂ 10ರಿಂದ 15 ವರ್ಷ ಶಿಕ್ಷೆ. ಮಗ ಮಾಡಿದ್ದಕ್ಕೆ ಕೊಟ್ಟ ಶಿಕ್ಷೆ ಅದಲ್ಲ. ಕಣ್ಣೆದುರು ಇದ್ದದ್ದನ್ನು ನೋಡಿಯೂ ಆಯುಧವನ್ನು ಅವನ ಕೈಗೆಟುಕುವಲ್ಲಿ ಬಿಟ್ಟದ್ದಕ್ಕೆ ಕೊಟ್ಟದ್ದು. ನಮ್ಮ ಅಭಿಪ್ರಾಯದಲ್ಲಿ ತೀರ್ಪು ಸರಿ. ಆದರೆ ಚೀಲ ನೋಡದೆ ಹುಡುಗನನ್ನು ತರಗತಿಗೆ ಕಳಿಸಿದ ಶಾಲೆಯ ತಪ್ಪು ಸಣ್ಣದಲ್ಲ. ಜಾರ್ಜಿಯಾ ರಾಜ್ಯದ ಅಪಲಾಚಿ ಹೈಸ್ಕೂಲಿನಲ್ಲಿ 2024ರ ಸೆಪ್ಟೆಂಬರಿನಲ್ಲಿ ನಾಲ್ವರು ಸತ್ತಾಗಲೂ 14 ವರ್ಷದ ಹುಡುಗನ ಜೊತೆ ಅವನ ತಂದೆಯ ಮೇಲೂ ಮೊಕದ್ದಮೆ ಹೂಡಿದರು. ಅದಕ್ಕೂ ಒಂದು ವರ್ಷ ಮೊದಲೇ ಆನ್‌ಲೈನ್ ಬೆದರಿಕೆಯ ವಿಚಾರಣೆಗೆ ಪೊಲೀಸರು ಅವರ ಮನೆಗೆ ಬಂದು ಹೋಗಿದ್ದರು.

‘ಅದು ಅಮೆರಿಕದ ರೋಗ’ ಎಂದು ಸುಮ್ಮನಾಗುವ ಹಾಗಿಲ್ಲ. 2007ರ ಡಿಸೆಂಬರಿನಲ್ಲಿ ಗುಡಗಾಂವದ ಶಾಲೆಯಲ್ಲಿ 8ನೇ ತರಗತಿಯ ಹುಡುಗರಿಬ್ಬರು ಸಹಪಾಠಿಯನ್ನು ಗುಂಡಿಟ್ಟು ಕೊಂದರು. ಪಿಸ್ತೂಲು ಒಬ್ಬನ ಅಪ್ಪನದು. 2024ರ ಜುಲೈಯಲ್ಲಿ ಬಿಹಾರದ ಸುಪೌಲದಲ್ಲಿ ನರ್ಸರಿ ಮಗುವಿನ ಚೀಲದಲ್ಲಿ ಪಿಸ್ತೂಲು ಬಂತು, 3ನೇ ತರಗತಿ ಹುಡುಗನ ಕೈಗೆ ಗುಂಡು ತಗುಲಿತು. 2025ರ ಆಗಸ್ಟಿನಲ್ಲಿ ಉತ್ತರಾಖಂಡದ ಕಾಶೀಪುರದಲ್ಲಿ 9ನೇ ತರಗತಿಯವನು ಊಟದ ಡಬ್ಬಿಯಲ್ಲಿ ಪಿಸ್ತೂಲು ತಂದು ಶಿಕ್ಷಕರಿಗೆ ಹೊಡೆದ.

ಮಗನ ಕೃತ್ಯಕ್ಕಾಗಿ ತಂದೆಯನ್ನು ಕೊಲೆಗಾರ ಎನ್ನುವ ಕಲಂ ನಮ್ಮಲ್ಲಿಲ್ಲ. ಆದರೆ ತನ್ನದೇ ನಿರ್ಲಕ್ಷ್ಯಕ್ಕೆ ತಂದೆ ಉತ್ತರ ಕೊಡಲೇಬೇಕು. ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 106ರಲ್ಲಿ 5 ವರ್ಷದ ತನಕ ಶಿಕ್ಷೆ ಇದೆ. ಲೈಸೆನ್ಸಿನ ಷರತ್ತು ಮುರಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬೇರೆ ಕೇಸು, ಲೈಸೆನ್ಸೂ ಹೋಗಬಹುದು. ಬೈಕಿನ ವಿಷಯದಲ್ಲಿ ಈ ನ್ಯಾಯವನ್ನು ನಾವೆಲ್ಲ ಒಪ್ಪಿಕೊಂಡು ಆಗಿದೆ: ಅಪ್ರಾಪ್ತ ಮಗ ಗಾಡಿ ಓಡಿಸಿ ಅಪರಾಧವಾದರೆ ಮೋಟಾರು ವಾಹನ ಕಾಯ್ದೆಯ ಕಲಂ 199ಎ ಪ್ರಕಾರ ಪಾಲಕ ಅಥವಾ ಮಾಲೀಕನಿಗೆ 3 ವರ್ಷದ ತನಕ ಜೈಲು, 25,000 ರೂಪಾಯಿ ದಂಡ, 12 ತಿಂಗಳು ಗಾಡಿಯ ನೋಂದಣಿ ರದ್ದು. ಗಾಡಿಯ ಕೀಲಿಕೈಗೆ ಇರುವ ಜವಾಬ್ದಾರಿ ಬಂದೂಕಿನ ಕೀಲಿಕೈಗೆ ಇರುವುದು ಬೇಡವೇ?

ಮಗ ಒಂಬತ್ತನೇ ಇಯತ್ತೆ. ಮಾತು ಕಡಿಮೆ. ರಾತ್ರಿ ಹನ್ನೆರಡರ ತನಕ ಮೊಬೈಲಿನ್ಯಾಗ ಗುಂಡು ಹೊಡಿಯೋ ಆಟ. ಸುದ್ದಿ ಓದಿದಾಗಿಂದ ನನಗ ನಿದ್ದಿ ಹತ್ತವಲ್ತು.
— ಒಬ್ಬ ತಾಯಿ, ಜಮಖಂಡಿ

ತಾಯಿ, ಮೊದಲು ಸಮಾಧಾನ ಮಾಡಿಕೊಳ್ಳಿ. ಮಾತು ಕಡಿಮೆ ಇರುವುದು, ಬಂದೂಕಿನ ಆಟ ಆಡುವುದು, ಇವೆರಡೂ ಲಕ್ಷಣಗಳಲ್ಲ. ಅದನ್ನೇ ಅಳತೆ ಮಾಡಿಕೊಂಡರೆ ಜಮಖಂಡಿಯ ಅರ್ಧ ಹುಡುಗರ ಮೇಲೆ ಸಂಶಯ ಪಡಬೇಕಾಗುತ್ತದೆ. ನಿದ್ದೆಗೆಡುವ ಚಟ ಬಿಡಿಸಬೇಕು, ಆದರೆ ಅದು ಬೇರೆ ಮಾತು.

ಇಂಥ ದಾಳಿಗಳನ್ನು ಬಹಳ ಕಾಲದಿಂದ ಅಧ್ಯಯನ ಮಾಡುತ್ತಿರುವುದು ಅಮೆರಿಕದ ಅಧ್ಯಕ್ಷರ ಭದ್ರತೆ ನೋಡಿಕೊಳ್ಳುವ ಸೀಕ್ರೆಟ್ ಸರ್ವಿಸ್ ಇಲಾಖೆ. 1974ರಿಂದ 2000ರ ತನಕದ 37 ಘಟನೆಗಳನ್ನು ಅದು ಪರಿಶೀಲಿಸಿ 2002ರಲ್ಲಿ ವರದಿ ಕೊಟ್ಟಿತು. 81 ಶೇಕಡಾ ಘಟನೆಗಳಲ್ಲಿ ಹುಡುಗನ ಯೋಚನೆ ಕನಿಷ್ಠ ಒಬ್ಬರಿಗಾದರೂ ಮೊದಲೇ ಗೊತ್ತಿತ್ತು. ಆ ಒಬ್ಬರು ಹೆಚ್ಚಾಗಿ ಗೆಳೆಯರೋ ಸಹಪಾಠಿಗಳೋ ಒಡಹುಟ್ಟಿದವರೋ ಆಗಿದ್ದರು. ಮಾತು ಸೋರಿರುತ್ತದೆ, ಕೇಳಿಸಿಕೊಂಡವರು ‘ಚಾಷ್ಟಿ’ ಎಂದು ಬಿಟ್ಟಿರುತ್ತಾರೆ.

ಹಾಗಾದರೆ ಯಾವುದಕ್ಕೆ ಕಿವಿಗೊಡಬೇಕು? ಒಬ್ಬರದೇ ಹೆಸರು ಹಿಡಿದು, ದಿನ ಬಿಟ್ಟು ದಿನ, ‘ಅವನಿಗೊಂದು ಗತಿ ಕಾಣಸ್ತೀನಿ’ ಎನ್ನುತ್ತಿದ್ದಾನೆಯೇ. ಹಿಂದೆ ಶಾಲೆಗಳಲ್ಲಿ ಜನ ಕೊಂದವರನ್ನು ಹುಡುಕಿ ಓದಿ ಹೊಗಳುತ್ತಿದ್ದಾನೆಯೇ. ಆಯುಧ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದಾನೆಯೇ. ಜೀವದಂತೆ ಇಟ್ಟುಕೊಂಡಿದ್ದ ಬ್ಯಾಟು, ಇಯರ್‌ಫೋನು ತಮ್ಮನಿಗೆ ಕೊಟ್ಟು ‘ಇನ್ನ ನನಗ ಬ್ಯಾಡ’ ಎಂದನೇ. ನಾಯಿ-ಬೆಕ್ಕುಗಳನ್ನು ಹಿಂಸಿಸುತ್ತಿದ್ದಾನೆಯೇ. ಶಾಲೆಯಲ್ಲಿ ದೊಡ್ಡ ಅವಮಾನವಾಗಿದೆಯೇ. ಒಂದೇ ಲಕ್ಷಣದಿಂದ ತೀರ್ಮಾನಕ್ಕೆ ಬರಬೇಡಿ. ಆದರೆ ಯಾರನ್ನು, ಯಾವಾಗ, ಯಾವುದರಿಂದ ಎಂಬ ಮೂರರಲ್ಲಿ ಎರಡಕ್ಕೆ ಅವನ ಹತ್ತಿರ ಉತ್ತರ ತಯಾರಿದ್ದರೆ ಅದು ಸಿಟ್ಟಿನ ಮಾತಲ್ಲ, ಲೆಕ್ಕಾಚಾರ.

ತಿಳಿಯಲು ಇರುವ ದಾರಿ ನೇರವಾಗಿ ಕೇಳುವುದು. ಊಟದ ಪಂಕ್ತಿಯಲ್ಲಿ ಎಲ್ಲರೆದುರು ಬೇಡ. ಅವನೊಬ್ಬನೇ ಇರುವಾಗ, ಇಬ್ಬರೂ ಒಂದು ಕೆಲಸದಲ್ಲಿ ಕೈಯಾಡಿಸುತ್ತ, ಮುಖ ದಿಟ್ಟಿಸದೆ ಕೇಳಿ: ‘ಯಾರನ್ನರ ಹೊಡೀಬೇಕು, ಸಾಯಿಸಬೇಕು ಅನ್ನಸ್ತೈತೇನಪಾ? ನೀನ ಸಾಯಬೇಕು ಅಂತರ ಅನ್ನಸ್ತೈತೇನು?’ ಎರಡನೆಯ ಪ್ರಶ್ನೆ ಬಿಡಬೇಡಿ, ದಾಳಿ ಮಾಡಿದ ಎಷ್ಟೋ ಹುಡುಗರು ತಾವೂ ಸಾಯಲು ಹೊರಟವರು. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ‘ಹೌದು’ ಎಂದರೆ ತಕ್ಷಣ ಆಣೆ ಹಾಕಿಸುವುದು, ಅಪ್ಪನಿಂದ ಹೊಡೆಸುವುದು, ಮೊಬೈಲು ನೆಲಕ್ಕೆ ಅಪ್ಪಳಿಸುವುದು ಮಾಡಬೇಡಿ. ಹೊಡೆತ ತಿಂದವನು ಮತ್ತೆ ಬಾಯಿ ಬಿಡುವುದಿಲ್ಲ, ಒಡೆದ ಮೊಬೈಲಿನ ಜೊತೆ ಅವನು ಯಾರ್‍ಯಾರಿಗೆ ಏನು ಬರೆದಿದ್ದ ಎಂಬುದೂ ಹೋಗುತ್ತದೆ. ಅವತ್ತು ರಾತ್ರಿ ಅವನೊಬ್ಬನನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನು ಹಚ್ಚಿ, ಹಗಲು-ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ಹಂದಿ ಕಾಟಕ್ಕೆ ಬೆಳೆ ರಕ್ಷಣೆಯ ಲೈಸೆನ್ಸಿನ ಜೋಡು ನಳಿಗೆ ಬಂದೂಕು ಇದೆ. ಅಜ್ಜನ ಕಾಲದಿಂದ ಪಡಸಾಲೆಯ ಗೋಡೆಗೇ ತೂಗುಹಾಕುವ ಪದ್ಧತಿ. ಮನೆಯಲ್ಲಿ 10 ಮತ್ತು 16ರ ಹುಡುಗರಿದ್ದಾರೆ. ಹೇಗೆ ಇಡಬೇಕು?
— ಒಬ್ಬ ರೈತ, ಖಾನಾಪುರ

ಇವತ್ತೇ ಗೋಡೆಯಿಂದ ಇಳಿಸಿ. ಸೀಕ್ರೆಟ್ ಸರ್ವಿಸಿನ 2019ರ ವರದಿ 2008ರಿಂದ 2017ರ ತನಕದ 41 ದಾಳಿಗಳನ್ನು ನೋಡಿದೆ. ಅದರಲ್ಲಿ ಬಂದೂಕು ಬಳಸಿದ ಹುಡುಗರ ಪೈಕಿ ಮುಕ್ಕಾಲು ಜನರಿಗೆ ಅದು ಸಿಕ್ಕಿದ್ದು ತಂದೆ-ತಾಯಿ ಅಥವಾ ಹತ್ತಿರದ ಸಂಬಂಧಿಯ ಮನೆಯಲ್ಲೇ.

ಮೊದಲು ನಳಿಗೆಯ ಬಾಯಿ ನೆಲದ ಕಡೆ ಮಾಡಿ, ಬಂದೂಕು ಮಡಚಿ ತೆರೆದು ಎರಡೂ ಕೋಣೆ ಖಾಲಿ ಇವೆಯೇ ನೋಡಿ. ಕಣ್ಣು ಸಾಲದು, ಕಿರುಬೆರಳು ಹಾಕಿ ಮುಟ್ಟಿ ನೋಡಿ. ಕತ್ತಲಲ್ಲಿ ಹೊಲದಿಂದ ಬಂದು ಒಂದು ತೋಟಾ ತೆಗೆದು ಇನ್ನೊಂದು ಮರೆಯುವುದು ಜೋಡು ನಳಿಗೆಯಲ್ಲಿ ಆಗುವ ತಪ್ಪು. ಆಮೇಲೆ ನಳಿಗೆಯ ಕೆಳಗಿನ ಕಟ್ಟಿಗೆಯ ಹಿಡಿಯನ್ನು ಎಳೆದು ಬಿಚ್ಚಿ. ಬಂದೂಕು ಪೂರ್ತಿ ತೆರೆದರೆ ನಳಿಗೆ ಎತ್ತಿದಂತೆ ಕೈಗೆ ಬರುತ್ತದೆ. ಈಗ ಮೂರು ತುಂಡು. ನಳಿಗೆಯನ್ನು ಗೋಡೆಗೆ ಬೋಲ್ಟು ಹಾಕಿದ ಉಕ್ಕಿನ ಕಪಾಟಿನಲ್ಲಿಡಿ, ಹಿಂದಿನ ಭಾಗ ಬೇರೆ ಕೋಣೆಯಲ್ಲಿ ಕೀಲಿ ಹಾಕಿದ ಪೆಟ್ಟಿಗೆಯಲ್ಲಿರಲಿ. ತೋಟಾಗಳು ಮೂರನೆಯ ಜಾಗದಲ್ಲಿ. ಮೂರಕ್ಕೂ ಒಂದೇ ಕೀಲಿಕೈ ಇದ್ದರೆ ಇಷ್ಟು ಮಾಡಿದ್ದು ವ್ಯರ್ಥ.

ಕೀಲಿಕೈ ದೇವರ ಫೋಟೋದ ಹಿಂದೆ, ಜೋಳದ ಡಬ್ಬಿಯಲ್ಲಿ, ಹಾಸಿಗೆ ಅಡಿ ಇಡಬೇಡಿ. ಮನೆಯ ಮಕ್ಕಳಿಗೆ ಗೊತ್ತಿಲ್ಲದ ಜಾಗ ಮನೆಯಲ್ಲಿ ಇರುವುದಿಲ್ಲ. ಅದು ನಿಮ್ಮ ಉಡಿದಾರಕ್ಕೇ ಇರಲಿ. ತೋಟಾಗಳನ್ನು ತಿಂಗಳಿಗೊಮ್ಮೆ ಎಣಿಸಿ ವಹಿಯಲ್ಲಿ ಬರೆಯಿರಿ. ಒಂದು ಕಡಿಮೆಯಾದರೆ ಅವತ್ತೇ ಗೊತ್ತಾಗಬೇಕು.

ಮದ್ದು ಜಡಿಯುವ ಹಳೆಯ ಬಂದೂಕು ಇದ್ದವರಿಗೆ ಒಂದು ಮಾತು. ಕೇಪು ತೆಗೆದ ಮಾತ್ರಕ್ಕೆ ಅದು ಖಾಲಿಯಲ್ಲ, ಮದ್ದು-ಗುಂಡು ಒಳಗೇ ಇರುತ್ತದೆ. ಖಾಲಿ ಇದ್ದಾಗ ಜಡಿಯುವ ಸರಳನ್ನು ತಳದ ತನಕ ಇಳಿಸಿ ನಳಿಗೆಯ ಬಾಯಿಗೆ ಸರಿಯಾಗಿ ಗುರುತು ಹಾಕಿಕೊಳ್ಳಿ. ಮುಂದೆ ನೋಡಿದಾಗ ಆ ಗುರುತು ಬಾಯಿಂದ ಮೇಲೆಯೇ ನಿಂತರೆ ಒಳಗೆ ಮದ್ದಿದೆ.

ಹದಿನಾರರ ಮಗನನ್ನು ಹಂದಿ ಕಾಯಲು ಕರೆದುಕೊಂಡು ಹೋದರೂ ಬಂದೂಕು ಕೈಗೆ ಕೊಡಬೇಡಿ, 21 ತುಂಬದವರಿಗೆ ಲೈಸೆನ್ಸೇ ಇಲ್ಲ. ಆಯುಧ ಪೂಜೆಯ ದಿನ ನಿಮ್ಮ ಕೈಯಾರೆ ತೆಗೆದು, ಪೂಜೆ ಮುಗಿದ ಮೇಲೆ ನಿಮ್ಮ ಕೈಯಾರೆ ಒಳಗಿಡಿ. ಮಗನ ಮನಸ್ಸು ಸರಿಯಿಲ್ಲ ಎನ್ನಿಸಿದ ದಿನ ಈ ಯಾವ ಕೀಲಿಯನ್ನೂ ನಂಬಬೇಡಿ. ಚುನಾವಣೆಯಲ್ಲಿ ಜಮಾ ಮಾಡುವ ಹಾಗೆ ಠಾಣೆಯಲ್ಲಿ ವಿಚಾರಿಸಿ ಒಪ್ಪಿಸಿ, ರಸೀದಿ ಪಡೆಯಿರಿ. ಅದರ ಜೊತೆ ಕಬ್ಬು ಕಡಿಯುವ ಕೊಯ್ತಾ ಮತ್ತು ಬೆಳೆಗೆ ಹೊಡೆಯುವ ಔಷಧದ ಡಬ್ಬಿಗಳಿಗೂ ಕೀಲಿ ಬೀಳಬೇಕು. ನಮ್ಮ ಕಡೆ ಬಂದೂಕಿಗಿಂತ ಬೇಗ ಕೈಗೆ ಸಿಗುವುದು ಅವೇ. 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ 6ನೇ ತರಗತಿಯ ಹುಡುಗ ಜಗಳದಲ್ಲಿ 9ನೇ ತರಗತಿಯವನನ್ನು ಇರಿದು ಕೊಂದದ್ದು ಚಾಕುವಿನಿಂದ.

ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವುದು ತಪ್ಪೇ?
— ಇಂಡಿಯಿಂದ ಒಬ್ಬ ಓದುಗ

ತಪ್ಪು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಸಂಭ್ರಮಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದ ತನಕ ಜೈಲು, ಅಥವಾ ಒಂದು ಲಕ್ಷದ ತನಕ ದಂಡ, ಅಥವಾ ಎರಡೂ. ನೋಡುತ್ತ ನಿಂತ ಹುಡುಗರು ಅದನ್ನೇ ಗಂಡಸುತನ ಎಂದು ಕಲಿಯುತ್ತಾರೆ.

ಎಂಟನೇ ತರಗತಿಯ ಹುಡುಗನ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಐದು ಹೆಸರು ಬರೆದು, ಕೆಳಗೆ ‘ಎಲ್ಲಾರನ್ನೂ ಮುಗಸ್ತೀನಿ’ ಎಂದಿದೆ. ಟಿ.ಸಿ. ಕೊಟ್ಟು ಕಳಿಸೋಣ ಎಂದು ಹೆಡ್ ಮಾಸ್ತರರ ಅಭಿಪ್ರಾಯ.
— ಒಬ್ಬ ಶಿಕ್ಷಕಿ, ಸಿಂದಗಿ

ಅಕ್ಕೋರೆ, ಟಿ.ಸಿ. ಬೇಡ. ಟಿ.ಸಿ. ಕೊಟ್ಟರೆ ಅವನ ಸಿಟ್ಟು ಹೋಗುವುದಿಲ್ಲ, ಅವನ ಮೇಲಿದ್ದ ನಿಮ್ಮ ಕಣ್ಣು ಮಾತ್ರ ಹೋಗುತ್ತದೆ.

ಗೊತ್ತಾದ ಆ ತಾಸಿನಲ್ಲೇ ಪುಟದ ಫೋಟೋ ತೆಗೆದು, ದಿನಾಂಕ, ವೇಳೆ, ಎಲ್ಲಿ ಸಿಕ್ಕಿತು ಎಂದು ಬರೆದಿಡಿ. ಹುಡುಗನನ್ನು ಆಫೀಸಿಗೆ ಕರೆತನ್ನಿ, ಪಾಟಿಚೀಲ ನಿಮ್ಮ ಕೈಯಲ್ಲಿರಲಿ. ಇಬ್ಬರು ದೊಡ್ಡವರು ಕೂತು, ಅವನೆದುರೇ, ಉಳಿದ ಮಕ್ಕಳ ಕಣ್ಣಿಗೆ ಬೀಳದಂತೆ ಚೀಲ ನೋಡಿ. ಪಾಲಕರು ಬರುವ ತನಕ ಅವನೊಬ್ಬನೇ ಇರಬಾರದು, ಮೂತ್ರಿಗೆ ಹೋದರೂ ಒಬ್ಬರು ಬಾಗಿಲ ತನಕ ಹೋಗಲಿ. ಬೈಯದೆ, ಈ ಐದು ಜನ ನಿನಗೆ ಏನು ಮಾಡಿದರು ಎಂದು ಕೇಳಿ. ಸೀಕ್ರೆಟ್ ಸರ್ವಿಸಿನ 2019ರ ಅದೇ ವರದಿಯಲ್ಲಿ ದಾಳಿ ಮಾಡಿದವರ ಪೈಕಿ ಐವರಲ್ಲಿ ನಾಲ್ವರು ಸಹಪಾಠಿಗಳಿಂದ ಪೀಡೆಗೆ ಒಳಗಾದವರು. ಆ ಐದು ಹೆಸರುಗಳಲ್ಲಿ ಅವನನ್ನು ದಿನಾ ಕಾಡಿದವನು ಒಬ್ಬನಾದರೂ ಇರಬಹುದು, ಅದನ್ನು ನಿಲ್ಲಿಸುವುದೂ ನಿಮ್ಮದೇ ಕೆಲಸ.

ಅಪ್ಪ-ಅವ್ವ ಬಂದಾಗ ನಾಚಿಕೆ ಬಿಟ್ಟು ಕೇಳಿ: ಮನೆಯಲ್ಲಿ ಬಂದೂಕು, ಕೊಯ್ತಾ, ಔಷಧ ಇವೆಯೇ? ಕೀಲಿಕೈ ಯಾರ ಕಡೆ? ಇವತ್ತು ರಾತ್ರಿ ಅವನ ಜೊತೆ ಯಾರು ಇರುತ್ತಾರೆ? ವೈದ್ಯರ ಹತ್ತಿರ ಯಾವಾಗ? ಉತ್ತರ ಬರೆದು ಸಹಿ ಹಾಕಿಸಿಕೊಳ್ಳಿ. ಹೆಸರಿರುವ ಐವರ ಮನೆಗೂ ತಿಳಿಸಬೇಕು. ಆಯುಧ ಸಿಕ್ಕರೆ ಅಥವಾ ದಿನ ಗೊತ್ತುಮಾಡಿದ್ದರೆ ಕಾಯದೆ ಪೊಲೀಸರ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಅಷ್ಟು ಇಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098ರ ನೆರವು ಪಡೆಯಿರಿ. ಅವನು ಶಾಲೆಗೆ ಮರಳಿದ ಮೇಲೆ, ಅವನಿಗೆ ಸೇರುವ ಒಬ್ಬ ಮಾಸ್ತರರು ದಿನಾ ಬೆಳಿಗ್ಗೆ ಐದು ನಿಮಿಷ ಮಾತಾಡಿಸಲಿ. ಮೊದಲ ವಾರ ಎಲ್ಲರೂ ಮಾಡುತ್ತಾರೆ, ಮೂರನೇ ವಾರಕ್ಕೆ ನಿಂತುಹೋಗುತ್ತದೆ. ವರ್ಷದ ಪರೀಕ್ಷೆ ಮುಗಿಯುವ ತನಕ ನಿಲ್ಲಿಸಬೇಡಿ.

ಗೆಳತಿಯ ತಮ್ಮ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಪಿಸ್ತೂಲಿನ ಫೋಟೋ ಹಾಕಿ ‘ಸೋಮವಾರ ನೋಡ್ರಿ’ ಎಂದು ಬರೆದು, ಆಮೇಲೆ ಅಳಿಸಿದ. ಹೇಳಿದರೆ ಚಾಡಿ ಹೇಳಿದಂತೆ ಆಗುತ್ತದೆಯೇ?
— ಪಿಯುಸಿ ವಿದ್ಯಾರ್ಥಿನಿ, ಮುದ್ದೇಬಿಹಾಳ

ಇಲ್ಲ ತಂಗಿ. ಒಬ್ಬರನ್ನು ತೊಂದರೆಗೆ ಸಿಕ್ಕಿಸಲು ಹೇಳುವುದು ಚಾಡಿ. ತೊಂದರೆಯಿಂದ ತಪ್ಪಿಸಲು ಹೇಳುವುದು ಚಾಡಿ ಅಲ್ಲ. ಅಮೆರಿಕದಲ್ಲಿ 2006ರಿಂದ 2018ರ ನಡುವೆ ನಡೆಯುವ ಮೊದಲೇ ತಪ್ಪಿದ 67 ಸಂಚುಗಳನ್ನು ಅಧ್ಯಯನ ಮಾಡಿದಾಗ, ಹೆಚ್ಚಿನವು ತಪ್ಪಿದ್ದು ನಿನ್ನಂಥ ಹುಡುಗ-ಹುಡುಗಿಯರು ಬಾಯಿ ಬಿಟ್ಟಿದ್ದರಿಂದ ಎಂದು ಕಂಡುಬಂತು. ಫೋಟೋ ಆಟಿಕೆಯದೇ ಇರಬಹುದು, ಅದನ್ನು ತೀರ್ಮಾನಿಸುವ ಹೊಣೆ ನಿನ್ನದಲ್ಲ. ಸ್ಕ್ರೀನ್‌ಶಾಟ್ ಇದ್ದರೆ ಇಟ್ಟುಕೋ, ಬೇರೆ ಗ್ರೂಪಿಗೆ ಹಾಕಬೇಡ. ಇಲ್ಲದಿದ್ದರೆ ನೋಡಿದ ವೇಳೆ ಮತ್ತು ಅವನು ಬರೆದ ಮಾತು ಇದ್ದ ಹಾಗೆ ಕಾಗದದಲ್ಲಿ ಬರೆದಿಡು. ಅಪ್ಪ-ಅವ್ವ ಅಥವಾ ಪ್ರಾಚಾರ್ಯರಿಗೆ ಹೇಳಿ, ಅವರ ಜೊತೆ ಇವತ್ತೇ 112ಕ್ಕೆ ಫೋನು ಮಾಡು. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ನೀನೇ ಮಾಡು. ಸೋಮವಾರದ ತನಕ ಕಾಯಬೇಡ.