ಇಂಗ್ಲಿಷಿನ ‘ಪ್ರಿಪಾಸ್ಟರಸ್’ ಪದದ ಅರ್ಥವೇನು? ಎಲ್ಲಿಂದ ಬಂತು, ಯಾವಾಗ ಬಳಸಬೇಕು?

ಬುದ್ಧಿಗೆ ಒಂದಿಷ್ಟೂ ಒಪ್ಪದ ಮಾತಿಗೆ, ಬೇಡಿಕೆಗೆ, ತೀರ್ಮಾನಕ್ಕೆ ಹೀಗೆ ಹೇಳುತ್ತಾರೆ. ತೀರಾ ಅಸಂಬದ್ಧ ಅಂತ ಅರ್ಥ.

ಮೂಲ ಲ್ಯಾಟಿನ್‌ನ ‘ಪ್ರೇಪೋಸ್ಟೆರುಸ್’. ‘ಪ್ರೇ’ ಅಂದರೆ ಮುಂದೆ, ‘ಪೋಸ್ಟೆರುಸ್’ ಅಂದರೆ ಹಿಂದಿನಿಂದ ಬರುವಂಥದ್ದು. ಹಿಂದೆ ಇರಬೇಕಾದದ್ದು ಮುಂದೆ ಬಂದು ಕೂತಿದೆ! 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಈ ‘ಹಿಂದುಮುಂದಾದ’ ಅರ್ಥವೂ ಜೊತೆಗಿತ್ತು. ನಮ್ಮ ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಗಾದೆಯ ಹಾಗೆ, ಅಲ್ವಾ? ಈಗ ಆ ಹಳೇ ಅರ್ಥದಲ್ಲಿ ಬಳಸುವವರು ಕಡಿಮೆ.

ಬಳಕೆಗೆ ನಮ್ಮ ಕಾಸರಗೋಡಿನದೇ ಉದಾಹರಣೆ ಕೊಡುತ್ತೇನೆ. 1956ರಲ್ಲಿ ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ನಡೆಯುತ್ತಿವೆ. ಆ ಮಕ್ಕಳಿಗೆ ಕನ್ನಡವೇ ಬಾರದ ಶಿಕ್ಷಕರನ್ನು ನೇಮಿಸಿದ್ದುಂಟು. ಮಕ್ಕಳು, ಪೋಷಕರು ಪ್ರತಿಭಟಿಸಿದ್ದೂ ಉಂಟು. ಗಣಿತದ ಪಾಠ ಅರ್ಥವಾಗದೆ ಮಗು ಸುಮ್ನೆ ಕೂರಬೇಕು ಅಂದರೆ ಹೇಗೆ? ಇಂಥದ್ದಕ್ಕೆ ‘ಸಿಲ್ಲಿ’ ಸಾಲದು, ‘ಪ್ರಿಪಾಸ್ಟರಸ್’ ಅನ್ನಲೇಬೇಕು.

ಸಣ್ಣಪುಟ್ಟ ತಪ್ಪಿಗೆ ಈ ಪದ ಜಾಸ್ತಿಯಾಯಿತು. ಉಚ್ಚರಿಸುವಾಗ ಒತ್ತು ‘ಪಾ’ ಮೇಲೆ ಬರಲಿ.