ಪ್ರತಿಕ್ರಿಯೆ: ‘ಗ್ಲೋರಿಯಾ’ ಹಾಡಿನ ಈ ದನಿ ಯಾರದು?

ನಿಮ್ಮ ‘ಗ್ಲೋರಿಯಾ’ ಹಾಡಿನ ಫೈಲ್‌ಗೆ ತಪ್ಪು ತಂಡದ ಹೆಸರು ಬಿದ್ದಿರಬೇಕು. ‘ದೆಮ್’ ಅಂತ ಬರೆದಿದೆ, ಆದರೆ ದನಿ ಆ ತಂಡದ ಗಾಯಕ ವ್ಯಾನ್ ಮಾರಿಸನ್‌ದಲ್ಲ, ಉಚ್ಚಾರ ಜರ್ಮನ್ ಥರ ಇದೆ ಅಂದಿರಿ. ಹಾಗಿದ್ದರೆ ನನ್ನ ಅನುಮಾನ ಬರ್ಲಿನ್ನಿನ ‘ದ ಬೂಟ್ಸ್’ ತಂಡದ ಮೇಲೆ. ಕೇಳದೆ ಖಡಾಖಂಡಿತ ಹೇಳೋಕಾಗಲ್ಲ.

ಮೊದಲು ಮೂಲ ಹಾಡು ಕೇಳಿ. ದೆಮ್ ಬೆಲ್‌ಫಾಸ್ಟ್ ತಂಡ. 1964ರಲ್ಲಿ ಡೆಕ್ಕಾ ಕಂಪನಿ ಅವರ ‘ಬೇಬಿ ಪ್ಲೀಸ್ ಡೋಂಟ್ ಗೋ’ ರೆಕಾರ್ಡ್ ತಂದಾಗ ಇದು ಅದರ ಹಿಂಬದಿಯಲ್ಲಿತ್ತು. ಇರೋದೇ ಮೂರು ಗಿಟಾರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು): ಇ, ಡಿ, ಎ. ಅದಕ್ಕೇ ಗ್ಯಾರೇಜಿನಲ್ಲಿ ತಂಡ ಕಟ್ಟಿಕೊಂಡ ಹುಡುಗರೆಲ್ಲ ಇದನ್ನು ಬಾರಿಸಿದ್ದು!

ಆಮೇಲೆ ಇದೇ ಹಾಡು ಹಾಡಿದ ಶಿಕಾಗೋದ ‘ಶ್ಯಾಡೋಸ್ ಆಫ್ ನೈಟ್’ ತಂಡ ಹೌದಾ ಅಲ್ವಾ ನೋಡಿ. ಹೆಸರು ಅದಲುಬದಲಾಗೋದು ಇವರ ಜೊತೆಗೇ ಜಾಸ್ತಿ. ಹುಡುಗಿ ಕೋಣೆಗೆ ಬರುವ ಸಾಲನ್ನು ಇವರು ರೇಡಿಯೋಗಾಗಿ ಬದಲಿಸಿ, ಅವಳು ಹೆಸರು ಹಿಡಿದು ಕೂಗುತ್ತಾಳೆ ಅಂತ ಮಾಡಿದರು. ಅಲ್ಲಿ ಕಿವಿಗೊಟ್ಟು ಕೇಳಿ. ಆ ಬದಲಾವಣೆ ಸಿಕ್ಕರೆ ಹುಡುಕಾಟ ಅಲ್ಲಿಗೇ ಮುಗೀತು.

ಎರಡೂ ಅಲ್ಲವಾದರೆ ‘ಹಿಯರ್ ಆರ್ ದ ಬೂಟ್ಸ್’ ಆಲ್ಬಮ್ ಹುಡುಕಿ. 1966, ಟೆಲಿಫುಂಕೆನ್ ಕಂಪನಿಯದು. ಗಾಯಕ ವರ್ನರ್ ಕ್ರಾಬ್ಬೆ. ಸುಮ್ನೆ ‘ಬೂಟ್ಸ್’ ಅಂತ ಹುಡುಕಿದರೆ ಚಪ್ಪಲಿ ಅಂಗಡಿಗಳೇ ಬರುತ್ತವೆ, ಜೊತೆಗೆ ‘ಟೆಲಿಫುಂಕೆನ್’ ಸೇರಿಸಿ. ನಿಮ್ಮ ಫೈಲು, ಆ ಆಲ್ಬಮ್ಮಿನ ‘ಗ್ಲೋರಿಯಾ’ ಎರಡನ್ನೂ ಒಟ್ಟಿಗೆ ಪ್ಲೇ ಮಾಡಿ, ಜಿ-ಎಲ್-ಓ ಅಂತ ಅಕ್ಷರ ಬಿಡಿಸಿ ಕೂಗುವ ಜಾಗಕ್ಕೆ ಬನ್ನಿ. ದನಿ ಒಂದೇನಾ ಅಂತ ಅಲ್ಲೇ ಗೊತ್ತಾಗುತ್ತೆ. ಒಂದೇ ಆದರೆ ಫೈಲಿನ ಮೇಲಿನ ಹೆಸರು ತಿದ್ದಿಕೊಳ್ಳಿ. ಅಲ್ಲದಿದ್ದರೆ ಹಾಡಿನ ಉದ್ದ ಎಷ್ಟು ನಿಮಿಷ ಅಂತ ಬರೆಯಿರಿ.