ಗ್ಯಾರೇಜ್ ಕಟ್ಟೆ: ಹಗುರ ಬೈಕು, ಹೈವೇ ಗಾಳಿ

ಪ್ರಶ್ನೆ: ನಮಸ್ಕಾರ ಮೇಸ್ತ್ರಿ. ನನ್ನದು ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 4ವಿ ಬೈಕು, ನಾಲ್ಕು ವಾಲ್ವಿನದು. ಬೆಂಗಳೂರಲ್ಲಿ ಕೆಲಸ, ಊರು ರಾಣೆಬೆನ್ನೂರು. ತಿಂಗಳಿಗೊಮ್ಮೆ ಬೈಕಲ್ಲೇ ಊರಿಗೆ ಹೋಗಿಬರುತ್ತೇನೆ. ಹಿಂದೆ ಡಬ್ಬ ಕೂರಿಸಿದ್ದೇನೆ. ಕಾಡುದಾರಿಗೆ ಬೇಕು ಅಂತ ದಪ್ಪ ಹಲ್ಲಿನ ಟೈರ್ ಹಾಕಿಸಿದ್ದೇನೆ. ಈಗ ವೇಗ 90 ದಾಟಿದರೆ ಹ್ಯಾಂಡಲ್ ಮೆಲ್ಲಗೆ ಅಲ್ಲಾಡುತ್ತದೆ. ಹಿರಿಯೂರು ದಾಟಿದ ಮೇಲಂತೂ ಗಾಳಿ ಬೈಕನ್ನು ಪಕ್ಕಕ್ಕೆ ತಳ್ಳುತ್ತದೆ. ಲಾರಿ ಹತ್ತಿರ ಬಂದರೆ ಎದೆ ಧಸಕ್ ಅನ್ನುತ್ತದೆ. ಊರು ಮುಟ್ಟುವ ಹೊತ್ತಿಗೆ ಬೆರಳೆಲ್ಲ ಜೋಮು. ಮುಂದಿನ ಸ್ಪ್ರಾಕೆಟ್ (ಚೈನ್ ಎಳೆಯುವ ಹಲ್ಲಿನ ಚಕ್ರ) 13 ಹಲ್ಲಿನದು ತೆಗೆದು 14ರದ್ದು ಹಾಕಿದರೆ ಸರಿಹೋಗುತ್ತಾ? ಅಥವಾ ಮಾರಿ ದೊಡ್ಡ ಬೈಕ್ ತಗೊಳ್ಳಲಾ? ಗೆಳೆಯರು ‘ಸೈಕಲ್ ತಗೊಂಡು ಹೈವೇಗೆ ಬಂದಿದ್ದೀಯಾ’ ಅಂತ ನಗುತ್ತಾರೆ.
(ರಾಣೆಬೆನ್ನೂರಿನ ಓದುಗ)

ಉತ್ತರ: ತಮ್ಮಾ, ನಿಮ್ಮ ಕಾಗದದಲ್ಲೇ ಅರ್ಧ ಉತ್ತರ ಇದೆ. ಡಬ್ಬ, ಹಲ್ಲಿನ ಟೈರು, 90. ಮೂರನ್ನೂ ನೀವೇ ಬರೆದಿದ್ದೀರಿ.

ನನ್ನ ಗ್ಯಾರೇಜು ಚಿತ್ರದುರ್ಗದಲ್ಲಿ, ಹೈವೇಗೆ ಹತ್ತಿರ. ನನ್ನ ಬಳಿ ಇರುವುದೂ ಎಕ್ಸ್‌ಪಲ್ಸೇ. 2019ರಲ್ಲಿ ಮೊದಲು ಬಂತಲ್ಲ, ಆ ಎರಡು ವಾಲ್ವಿನದು. ಮಗಳು ಹುಬ್ಬಳ್ಳಿಯಲ್ಲಿ ಓದುತ್ತಾಳೆ. ಅವಳಿಗೆ ರೊಟ್ಟಿ, ಚಟ್ನಿಪುಡಿ ಕೊಟ್ಟುಬರುವ ನೆಪದಲ್ಲಿ ಈ ದಾರಿ ಎಷ್ಟು ಸಲ ತುಳಿದಿದ್ದೇನೋ ಲೆಕ್ಕ ಇಟ್ಟಿಲ್ಲ. ಹಾಗಾಗಿ ನಿಮಗೆ ಆಗುತ್ತಿರುವುದು ನನಗೂ ಆಗಿದೆ.

ಮೊದಲು ವೇಗದ ಮಾತು. ಡಿವೈಡರ್ ಇರುವ ನಾಲ್ಕು ಲೇನಿನ ರಸ್ತೆಯಲ್ಲಿ ಬೈಕಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಮಿತಿ 80. ಕಾನೂನು ಬಿಡಿ, ಎಂಜಿನ್ನಿನ ಕಡೆಯಿಂದಲೂ ನೋಡಿ. 80ರಿಂದ 100ಕ್ಕೆ ಹೋದರೆ ಎದುರಿನ ಗಾಳಿಯ ಒತ್ತಡ ಒಂದೂವರೆ ಪಟ್ಟು ಆಗುತ್ತದೆ. ಆ ಗಾಳಿಯನ್ನು ಸೀಳಲು ಬೇಕಾದ ಪವರ್ ಹೆಚ್ಚುಕಡಿಮೆ ಎರಡು ಪಟ್ಟು. ನಿಮ್ಮ ಎಂಜಿನ್ನಿನ ಒಟ್ಟು ಶಕ್ತಿ 19 ಕುದುರೆ. ಮೇಲಾಗಿ ಈ ಬೈಕಲ್ಲಿ ನಾವು ಎತ್ತರಕ್ಕೆ, ನೆಟ್ಟಗೆ ಕೂರುತ್ತೇವೆ. ಎದೆ ಪೂರ್ತಿ ಹಾಯಿ ಇದ್ದಂಗೆ. 20 ಕಿಲೋಮೀಟರ್ ವೇಗದ ಎದುರುಗಾಳಿ ಇದ್ದರೆ ನೀವು 80ರಲ್ಲಿ ಹೋಗುತ್ತಿದ್ದರೂ ಗಾಳಿಯ ಪಾಲಿಗೆ ಅದು 100. ಆಷಾಢದಲ್ಲಿ ನಮ್ಮೂರ ಕಡೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಡ್ಡದ ಮೇಲೆ ಅಷ್ಟು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ.

ಅವೇ ನನಗೆ ಹವಾಮಾನ ಇಲಾಖೆ. ಫ್ಯಾನು ಜೋರಾಗಿ ತಿರುಗುತ್ತಿದ್ದರೆ ನಾನು 70ಕ್ಕೆ ಇಳಿಯುತ್ತೇನೆ. ಅದರ ಮುಖ ಯಾವ ಕಡೆ ಇದೆಯೋ ಗಾಳಿ ಆ ಕಡೆಯಿಂದ ಬರುತ್ತಿದೆ ಅಂತ ಅರ್ಥ. ರಸ್ತೆಗೆ ಅಡ್ಡ ಬೀಸುವ ಗಾಳಿಯಾದರೆ ಲೇನಿನ ನಡುವೆ ಇರುತ್ತೇನೆ, ಅಂಚಿಗೆ ಹೋಗುವುದಿಲ್ಲ.

ಇನ್ನು ಅಲ್ಲಾಟ. ನಾನು ಮೊದಲು ಕೈ ಹಾಕುವುದು ಡಬ್ಬಕ್ಕೆ. ಡಬ್ಬ ಎಲ್ಲಿ ಕೂತಿದೆ ನೋಡಿ. ಹಿಂದಿನ ಚಕ್ರದ ಆಕ್ಸಲ್‌ಗಿಂತ ಆಚೆಗೆ ಚಾಚಿಕೊಂಡಿದೆ, ಅಲ್ವಾ? ಬಾವಿಯ ಏತ ನೋಡಿದ್ದೀರೋ ಇಲ್ಲವೋ. ಒಂದು ತುದಿ ಭಾರವಾದರೆ ಇನ್ನೊಂದು ತುದಿ ಮೇಲೇಳುತ್ತದೆ. ಇಲ್ಲೂ ಅದೇ. ಬೈಕಿನ ತೂಕವೇ 160 ಕೆಜಿ ಒಳಗೆ. ಹಿಂದೆ ಹದಿನೈದು ಕೆಜಿ ನೇತು ಹಾಕಿದರೆ ಮುಂದಿನ ಚಕ್ರ ನೆಲವನ್ನು ಗಟ್ಟಿಯಾಗಿ ಒತ್ತುವುದಿಲ್ಲ. ಜೊತೆಗೆ ಡಬ್ಬದ ಹಿಂದೆ ಗಾಳಿ ಸುಳಿ ಸುತ್ತಿ ಬೈಕನ್ನು ಆ ಕಡೆ ಈ ಕಡೆ ಎಳೆಯುತ್ತದೆ. ಭಾರಿ ಬೈಕು ಇದನ್ನು ನುಂಗಿಕೊಳ್ಳುತ್ತದೆ, ಹಗುರದ್ದು ನುಂಗುವುದಿಲ್ಲ. ಡಬ್ಬ ಬಿಚ್ಚಿ. ಬಟ್ಟೆಯನ್ನು ಮೆತ್ತನೆ ಚೀಲಕ್ಕೆ ತುಂಬಿ ಹಿಂದಿನ ಸೀಟಿನ ಮೇಲೆ, ನಿಮ್ಮ ಬೆನ್ನಿಗೆ ಒತ್ತಿಕೊಂಡಂತೆ ಕಟ್ಟಿ. ಭಾರದ ಸಾಮಾನು ಟ್ಯಾಂಕಿನ ಮೇಲಿನ ಚೀಲಕ್ಕೆ. ಎಷ್ಟೋ ಗಾಡಿಗಳ ಅಲ್ಲಾಟ ಇಷ್ಟಕ್ಕೇ ನಿಂತಿದ್ದು ನೋಡಿದ್ದೇನೆ. ಅದಕ್ಕೆ ನಾನು ದುಡ್ಡೂ ಕೇಳಿಲ್ಲ.

ಎರಡನೆಯದು ಟೈರು. ದಪ್ಪ ಹಲ್ಲು ಮಣ್ಣಿಗೆ ಚೆಂದ. ಡಾಂಬರಿನ ಮೇಲೆ ವೇಗ ಏರಿದಂತೆ ಆ ಹಲ್ಲುಗಳು ಬಾಗುತ್ತವೆ, ಬೈಕು ರಬ್ಬರ್ ಮಣೆ ಮೇಲೆ ನಿಂತಂತೆ ಆಡುತ್ತದೆ. ಕಾಡುದಾರಿಗೆ ಹೋಗುವಾಗ ಟೈರಿನ ಗಾಳಿ ಇಳಿಸುತ್ತೀರಿ ತಾನೆ? ವಾಪಸ್ ಬಂದು ತುಂಬಿಸಿದಿರಾ? ಪ್ರಾಮಾಣಿಕವಾಗಿ ಹೇಳಿ. ಕಂಪನಿಯ ಪುಸ್ತಕದಲ್ಲಿ ಬರೆದಷ್ಟು ಗಾಳಿ, ಬೆಳಿಗ್ಗೆ ಟೈರು ತಣ್ಣಗಿರುವಾಗ, ಹೊರಡುವ ದಿನ ತುಂಬಿಸಿ.

ಇಷ್ಟಾದರೂ ಅಲ್ಲಾಡಿದರೆ ಬೈಕನ್ನು ಯಾರಾದರೂ ಮೇಸ್ತ್ರಿ ಹತ್ತಿರ ಒಯ್ಯಿರಿ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ಲನ್ನು ನಿಧಾನಕ್ಕೆ ತಿರುಗಿಸಲಿ. ನಡುವೆ ಎಲ್ಲೋ ಕಟ್ ಅಂತ ಹಿಡಿದಂತೆ ಆದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಸವೆದಿದೆ. ಚಕ್ರದ ಕಡ್ಡಿಗಳನ್ನು ಸ್ಪ್ಯಾನರಿನಲ್ಲಿ ಒಂದೊಂದಾಗಿ ತಟ್ಟಿ ನೋಡಿ. ಬಿಗಿ ಇದ್ದರೆ ಟಿಣ್ ಅನ್ನುತ್ತದೆ, ಸಡಿಲ ಇದ್ದರೆ ಥಪ್ ಅನ್ನುತ್ತದೆ.

ಆಮೇಲೆ ನಿಮ್ಮ ಕೈ. ಹೆದರಿದವನು ಹ್ಯಾಂಡಲ್ ಹಿಂಡುತ್ತಾನೆ. ಹಿಂಡಿದರೆ ಗಾಳಿ ನಿಮ್ಮ ಭುಜಕ್ಕೆ ಹೊಡೆದ ಪ್ರತಿ ಪೆಟ್ಟೂ ತೋಳಿನ ಮೂಲಕ ಮುಂದಿನ ಚಕ್ರಕ್ಕೆ ಹೋಗುತ್ತದೆ. ಅಂದರೆ ಅಲ್ಲಾಡಿಸುತ್ತಿರುವವರು ನೀವೇ. ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿಯಿರಿ, ಮೊಣಕೈ ಮಡಚಿ, ಬೆರಳು ಸಡಿಲ ಬಿಡಿ. ಜೋಮು ಕೂಡ ಅರ್ಧ ಅಲ್ಲೇ ಇಳಿಯುತ್ತದೆ. ಉಳಿದ ಅರ್ಧ ಒಂದೇ ಸಿಲಿಂಡರಿನ ನಡುಕ, ಅದಕ್ಕೆ ಗಂಟೆಗೊಮ್ಮೆ ಚಹಾ. ಅಲ್ಲಾಟ ಜೋರಾದರೆ ಬ್ರೇಕ್ ಮುಟ್ಟಬೇಡಿ. ರೇಸ್ ಮೆಲ್ಲಗೆ ಇಳಿಸಿ, ಮೈ ಮುಂದಕ್ಕೆ ಬಾಗಿಸಿ.

ಲಾರಿ ವಿಷಯಕ್ಕೆ ಬರೋಣ. ಅಡ್ಡಗಾಳಿ ಇರುವಾಗ ಕಂಟೇನರ್ ಲಾರಿ ಪಕ್ಕ ಹೋದರೆ ಅದು ಗೋಡೆಯಂತೆ ಗಾಳಿ ತಡೆಯುತ್ತದೆ. ನಮ್ಮ ಮೈ ಸಡಿಲ ಆಗುತ್ತದೆ. ಅದರ ಮೂತಿ ದಾಟಿದ ತಕ್ಷಣ ಫಟ್ ಅಂತ ಕೆನ್ನೆಗೆ ಹೊಡೆದಂತೆ ಗಾಳಿ ಬರುತ್ತದೆ. ಬರುತ್ತದೆ ಅಂತ ಗೊತ್ತಿದ್ದರೆ ಮುಗಿಯಿತು. ಲಾರಿಯಿಂದ ಆದಷ್ಟು ದೂರ ಸರಿದು ದಾಟಿ. ಅದೇ ಹಿಂದಿನಿಂದ ಬಂದು ನಮ್ಮನ್ನು ದಾಟುವಾಗ ಮೊದಲು ಆಚೆ ತಳ್ಳುತ್ತದೆ, ಆಮೇಲೆ ತನ್ನ ಕಡೆ ಎಳೆಯುತ್ತದೆ. ಕನ್ನಡಿ ನೋಡುವ ಅಭ್ಯಾಸ ಇದ್ದವರು ಬೆಚ್ಚುವುದಿಲ್ಲ. ನಿಮ್ಮ ಹೆಲ್ಮೆಟ್‌ಗೆ ಮುಂದೆ ಚಾಚಿದ ಕೊಕ್ಕು ಇದೆಯಾ? ಇದ್ದರೆ ಹೈವೇ ದಿನ ಬಿಚ್ಚಿಡಿ. ಅದು ಗಾಳಿಗೆ ಕತ್ತು ಎತ್ತುತ್ತದೆ.

ಸ್ಪ್ರಾಕೆಟ್ ಬಗ್ಗೆ. ಒಂದು ಹಲ್ಲು ಜಾಸ್ತಿ ಮಾಡಿದರೆ ಅದೇ ವೇಗಕ್ಕೆ ಎಂಜಿನ್ ಸುಮಾರು 7 ಪರ್ಸೆಂಟ್ ಕಡಿಮೆ ತಿರುಗುತ್ತದೆ. ನಡುಕ ತುಸು ಇಳಿಯುತ್ತದೆ, ಅಲ್ಲಾಟ ಇಳಿಯುವುದಿಲ್ಲ. ಎದುರುಗಾಳಿಯಲ್ಲಿ ಐದನೇ ಗೇರು ಎಳೆಯಲಾರದೆ ನಾಲ್ಕಕ್ಕೆ ಬರುತ್ತೀರಿ, ಆಗ ಲಾಭ ಎಲ್ಲಿ? ಕಾಡಿನ ಏರಿನಲ್ಲಿ ಮೊದಲ ಗೇರಿಗೂ ಎಳೆತ ಸಾಲದೆ ಕ್ಲಚ್ ಸವೆಸುತ್ತೀರಿ. ನಾನು ಹಾಕಿ, ಎರಡು ತಿಂಗಳು ಓಡಿಸಿ, ತೆಗೆದೆ. ನೀವು ಮಣ್ಣಿಗೆ ಇಳಿಯುವುದೇ ಇಲ್ಲ ಅಂದರೆ ಮಾತ್ರ ಹಾಕಿಸಿಕೊಳ್ಳಿ.

ಈಗ ನನ್ನ ಮರ್ಯಾದೆ ಕಳೆಯುವ ಒಂದು ಕಥೆ. ಒಂದು ಸಲ ಬೆಂಗಳೂರಿನಿಂದ ಬರುವಾಗ ಶಿರಾ ದಾಟಿದ ಮೇಲೆ ಹಿಂದಿನ ಟೈರು ಪಂಕ್ಚರ್. ವೇಗ 85 ಇತ್ತು. ಕಡ್ಡಿ ಚಕ್ರ, ಒಳಗೆ ಟ್ಯೂಬು. ಟ್ಯೂಬ್‌ಲೆಸ್ ಆದರೆ ಗಾಳಿ ಮೆಲ್ಲಗೆ ಇಳಿಯುತ್ತದೆ. ಟ್ಯೂಬು ಹರಿದರೆ ಕ್ಷಣದಲ್ಲಿ ಖಾಲಿ. ಬೈಕಿನ ಹಿಂಭಾಗ ಮೀನಿನ ಬಾಲದಂತೆ ಆಡಿತು. ಬ್ರೇಕ್ ಒತ್ತದೆ ರೇಸ್ ಬಿಟ್ಟೆ, ಅದೇ ಉಳಿಸಿತು. ಪಕ್ಕಕ್ಕೆ ಹಾಕಿ ಟ್ಯೂಬ್ ತೆಗೆದು ನೋಡಿದರೆ ಹಾವು ಕಚ್ಚಿದಂತೆ ಎರಡು ತೂತು. ಹಿಂದಿನ ದಿನ ಟೈರ್ ಲಿವರಿನಲ್ಲಿ ಟ್ಯೂಬನ್ನು ಚಿವುಟಿ ಕೂರಿಸಿದ್ದು ಬೇರೆ ಯಾರೂ ಅಲ್ಲ, ನಾನೇ. ಇಪ್ಪತ್ತೇಳು ವರ್ಷ ಅನುಭವದ ಮೇಸ್ತ್ರಿ! ಗ್ಯಾರೇಜಿನ ಹುಡುಗರಿಗೆ ಇವತ್ತಿಗೂ ಹೇಳಿಲ್ಲ, ಈಗ ಓದಿಕೊಳ್ಳಲಿ.

ಅಂದಿನಿಂದ ಒಂದು 21 ಇಂಚಿನ ಟ್ಯೂಬ್ ಚೀಲದಲ್ಲೇ ಇರುತ್ತದೆ. ನಮ್ಮ ಮುಂದಿನ ಚಕ್ರ 21, ಹಿಂದಿನದು 18. ದಾರಿ ಬದಿಯ ಪಂಕ್ಚರ್ ಅಂಗಡಿಯಲ್ಲಿ 21ರದ್ದು ಸಿಗುವುದು ಅಪರೂಪ. ಆದರೆ ಇದೇ ಟ್ಯೂಬನ್ನು ಗತಿ ಇಲ್ಲದಾಗ ಹಿಂದಿನ ಚಕ್ರಕ್ಕೂ ತುರುಕಿ ನಿಧಾನಕ್ಕೆ ಊರು ಸೇರಬಹುದು. ಎರಡು ಟ್ಯೂಬ್ ಹೊರುವ ಕೆಲಸ ಇಲ್ಲ.

ಮಾರಬೇಕಾ ಅಂತ ಕೇಳಿದಿರಿ. 2023ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ಯಲ್ಲಿ 40 ಕುದುರೆ ಇದೆ, 100 ಅದಕ್ಕೆ ನಡಿಗೆ. ಆದರೆ ತೂಕ 196 ಕೆಜಿ. ಕೆಸರಲ್ಲಿ ಒರಗಿದರೆ ಒಬ್ಬರೇ ಎತ್ತಿ ನೋಡಿ, ಆಮೇಲೆ ಮಾತಾಡೋಣ. ತಿಂಗಳಲ್ಲಿ ಎರಡು ದಿನ ಹೈವೇ, ಉಳಿದ ದಿನ ಊರೊಳಗೆ, ಆಗಾಗ ಮಣ್ಣು. ಇಷ್ಟಕ್ಕೆ ನಾನಾದರೆ ಮಾರುವುದಿಲ್ಲ. ಬೆಳಗಿನ ಜಾವ ಐದಕ್ಕೆ ಹೊರಡಿ, 75–80ರಲ್ಲಿ ಬನ್ನಿ. ಗಾಳಿ ಏಳುವ ಹೊತ್ತಿಗೆ ನಮ್ಮೂರು ದಾಟಿರುತ್ತೀರಿ. ಗೆಳೆಯರಿಗಿಂತ ಮುಕ್ಕಾಲು ಗಂಟೆ ತಡವಾಗಬಹುದು. ಒಂದು ಮಾತು, ಉದ್ದ ಓಡಿಸುವ ಮುಂಚೆ ಆಯಿಲ್ ಮಟ್ಟ ನೋಡಿ. ಗಂಟೆಗಟ್ಟಲೆ ಜೋರಾಗಿ ತಿರುಗಿದರೆ ಸಣ್ಣ ಎಂಜಿನ್ ಆಯಿಲ್ ಕುಡಿಯಬಹುದು.

ಪ್ರಶ್ನೆ: ಬೆಂಗಳೂರು–ಮೈಸೂರು ಹೊಸ ಹೈವೇಯಲ್ಲಿ 200 ಸಿಸಿ ಬೈಕ್ ಎಷ್ಟು ವೇಗದಲ್ಲಿ ಓಡಿಸಬಹುದು?
(ಮೈಸೂರಿನ ಓದುಗ)

ಉತ್ತರ: ಸೊನ್ನೆ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನ ಬಿಡುವುದಿಲ್ಲ, 200 ಸಿಸಿ ಆದರೂ ಅಷ್ಟೇ, ಸಾವಿರ ಸಿಸಿ ಆದರೂ ಅಷ್ಟೇ. ಸರ್ವಿಸ್ ರಸ್ತೆಯಲ್ಲಿ ಹೋಗಿ. ಅದು ಬೇಜಾರು ಅನ್ನಿಸಿದರೆ ಕನಕಪುರ, ಮಳವಳ್ಳಿ, ಬನ್ನೂರು ದಾರಿ ಹಿಡಿಯಿರಿ. ಹಗುರ ಬೈಕಿಗೆ ಹೇಳಿ ಮಾಡಿಸಿದಂಥ ದಾರಿ.

ಪ್ರಶ್ನೆ: ನಾನು ಐದು ಅಡಿ ಎರಡು ಇಂಚು, ತೂಕ 50 ಕೆಜಿ. ಎಕ್ಸ್‌ಪಲ್ಸ್ ಆಸೆ. ‘ಹೈವೇಲಿ ಗಾಳಿ ನಿನ್ನನ್ನೇ ಹಾರಿಸಿಕೊಂಡು ಹೋಗುತ್ತೆ’ ಅಂತ ಅಣ್ಣ ಬೇಡ ಅನ್ನುತ್ತಾನೆ.
(ಸಾಗರದ ಓದುಗಿ)

ಉತ್ತರ: ತಂಗೀ, ಓಡುವ ಬೈಕಿಗೆ ನಿಮ್ಮ ಎತ್ತರ ಗೊತ್ತಾಗುವುದಿಲ್ಲ. ನಿಲ್ಲಿಸುವಾಗ ಗೊತ್ತಾಗುತ್ತದೆ. ಸೀಟು ಸುಮಾರು 825 ಮಿಲಿಮೀಟರ್ ಎತ್ತರ. ನಿಮಗೆ ಎರಡೂ ಕಾಲು ಊರಲು ಆಗುವುದಿಲ್ಲ. ಒಂದು ಕಡೆ ಜಾರಿ ಎಡಗಾಲು ಪೂರ್ತಿ ಊರುವುದನ್ನು ಖಾಲಿ ಮೈದಾನದಲ್ಲಿ ಒಂದು ವಾರ ಕಲಿಯಿರಿ. ಹೈವೇ ಅಂಚಿನಲ್ಲಿ ನಿಲ್ಲಿಸುವಾಗ ಎಡಕ್ಕೆ ಇಳಿಜಾರು ಇರುವ ಕಡೆ ಮಾತ್ರ ನಿಲ್ಲಿಸಬೇಡಿ, ಕಾಲಿಗೆ ನೆಲ ಸಿಗುವುದಿಲ್ಲ. ಗಾಳಿಯ ಮಾತಿಗೆ ಬಂದರೆ ನಿಮ್ಮಣ್ಣ ಅರ್ಧ ಸರಿ. ತೂಕ ಕಡಿಮೆ ಇದ್ದವರನ್ನು ಅಡ್ಡಗಾಳಿ ಜಾಸ್ತಿ ತಳ್ಳುತ್ತದೆ. ಆದರೆ ಗಾಳಿಗೆ ಸಿಗುವ ಮೈಯೂ ನಿಮ್ಮದು ಸಣ್ಣದೇ. 70ರಲ್ಲಿ ಹೋಗಿ. ಅಣ್ಣನ ಹತ್ತಿರ ಯಾವ ಬೈಕ್ ಇದೆ ಅಂತ ನೀವು ಬರೆದಿಲ್ಲ.